ಖಾಲಿ ಬಟ್ಟಲುಗಳ ಹುಳದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಕಾಲುವೆಯ ದಡದ ಕುರುಚಲಿನಲ್ಲಿ ಐವತ್ತಾರರ ಹೆಂಗಸೊಬ್ಬರು ಮಂಡಿಯೂರಿ, ನೆಲದಲ್ಲಿ ಹುಗಿದ ಪ್ಲಾಸ್ಟಿಕ್ ಬಟ್ಟಲೊಳಗೆ ಟಾರ್ಚಿನ ಬೆಳಕು ಬಿಡುತ್ತಾರೆ. ಒಂದು ತರಗೆಲೆ, ಎರಡು ಇರುವೆ. ಇರುವೆಗಳನ್ನು ಬೆರಳ ತುದಿಯಿಂದ ಎತ್ತಿ ಆಚೆ ಬಿಟ್ಟು, ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದು ಮುಂದಿನ ಬಟ್ಟಲಿಗೆ ಹೋಗುತ್ತಾರೆ. ಇಂಥವು ಅರವತ್ತು. ಇರುಳು ಓಡಾಡುವ ಹುಳ ಇದರೊಳಗೆ ಬಿದ್ದರೆ ಎಣಿಸಿ ಬಿಟ್ಟುಬಿಡಬೇಕು. ಬಿಸಿಲೇರಿದರೆ ಬಿದ್ದ ಜೀವ ಬೆಂದೇ ಹೋಗುತ್ತದೆ, ಅದಕ್ಕೇ ಈ ಅವಸರ.

ಊರಿಗೆಲ್ಲ ಇವರು ಹುಳದಕ್ಕ. ಹುಡುಕುತ್ತಿರುವುದು ಹೆಬ್ಬೆರಳಿನ ಅರ್ಧದಷ್ಟಿರುವ, ತಾಮ್ರದ ಬಣ್ಣದ ನೆಲಜೀರುಂಡೆಯನ್ನು. ಬಸವನಹುಳು ತಿಂದು ಬದುಕುವ ಅದಕ್ಕೆ ಹಾರಲು ಬಾರದು. ಎದುರಿನ ರಸ್ತೆ ದಾಟುವುದೂ ಆಗದ ಮಾತು. ತಿಳಿದವರ ಪ್ರಕಾರ ಈ ದಡ ಬಿಟ್ಟರೆ ಇನ್ನೆಲ್ಲೂ ಇಲ್ಲ. ಕೀಟ ಸಂರಕ್ಷಣೆಯ ಕಚೇರಿಗೆ ಕಸ ಗುಡಿಸಲು ಸೇರಿದವರು ಹನ್ನೆರಡು ವರ್ಷಗಳಿಂದ ಹುಳ ಎಣಿಸುತ್ತಿದ್ದಾರೆ. ಓದಿದವರು ಭೂತಗನ್ನಡಿ ಹುಡುಕುವಷ್ಟರಲ್ಲಿ ಇವರು ಗಂಡೋ ಹೆಣ್ಣೋ ಹೇಳಿ ಮುಗಿಸಿರುತ್ತಾರೆ. ವರದಿಗಳಲ್ಲಿ ಒಮ್ಮೆಯೂ ಇವರ ಹೆಸರು ಬಂದಿಲ್ಲ. ಅದಕ್ಕೆ ಇವರ ಬಗ್ಗೆ ಬರೆಯಲು ಬಂದ ನನಗೆ ಬಂದಷ್ಟು ಸಿಟ್ಟೂ ಅವರಿಗೆ ಬಂದಂತಿಲ್ಲ, ಬಿಡಿ.

“ನಮ್ಮನೆಯವ್ರು ರೇಗಿಸ್ತಿದ್ರು, ‘ಮುಂದಿನ ಜನ್ಮದಲ್ಲಿ ಆರು ಕಾಲು ಇಟ್ಕೊಂಡು ಹುಟ್ತೀನಿ ಕಣೇ, ಆಗ್ಲಾದ್ರೂ ನನ್ ಮುಖ ನೋಡ್ತೀಯೇನೋ’ ಅಂತ. ಹೋದ ವರ್ಷದಿಂದ ರೇಗಿಸೋದು ಬಿಟ್ಟಿದಾರೆ.”

ಮರುದಿನ ಬರಲಾಗದಿದ್ದರೆ ಎಲ್ಲ ಬಟ್ಟಲಿಗೂ ಮುಚ್ಚಳ ಹಾಕಿ ಹೋಗುವುದು ಈ ಕೆಲಸದ ಮೊದಲ ಪಾಠ. ಕಳೆದ ವರ್ಷ ಒಂದು ಮಧ್ಯಾಹ್ನ ಇವರ ಒಡಹುಟ್ಟಿದ ಅಕ್ಕ ತೀರಿಕೊಂಡ ಸುದ್ದಿ ಬಂತು. ಹುಳದಕ್ಕ ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದರು. ಮುಚ್ಚಳ ನೆನಪಾದದ್ದು ಮೂರನೆಯ ದಿನ. ಅಷ್ಟರಲ್ಲಿ ಜಡಿಮಳೆ ಹೊಡೆದಿತ್ತು. ಓಡಿ ಬಂದು ನೋಡಿದರೆ ನೀರು ತುಂಬಿದ ಬಟ್ಟಲುಗಳಲ್ಲಿ ಹನ್ನೊಂದು ಜೀರುಂಡೆಗಳು ತೇಲುತ್ತಿದ್ದವು. ಅದರಲ್ಲಿ ಏಳು ಹೆಣ್ಣು.

“ಅಕ್ಕನಿಗೋಸ್ಕರ ಎಲ್ರ ಮುಂದೆ ಅತ್ತೆ. ಇವಕ್ಕೆ ಹೇಗಳ್ಲಿ? ಹುಳ ಸತ್ತಿದ್ದಕ್ಕೆ ಅಳ್ತಾಳೆ ಅಂತ ಜನ ನಗಲ್ವಾ? ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ.”

ಕಚೇರಿಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಎನ್ನುತ್ತಾರೆ. ಅಂದಿನಿಂದ ಪುಸ್ತಕದ ತುಂಬ ಸೊನ್ನೆ. ಈ ತಿಂಗಳೊಳಗೆ ಒಂದಾದರೂ ಸಿಗದಿದ್ದರೆ ಎಣಿಕೆ ನಿಲ್ಲುತ್ತದೆ. ಹುಳಕ್ಕಾಗಿ ಹಾಕಿದ್ದ ಬೇಲಿ ಕಿತ್ತು ದಡವನ್ನು ಸಮತಟ್ಟು ಮಾಡುತ್ತಾರೆ. ಉಳಿದಿರುವುದು ಒಂಬತ್ತೇ ದಿನ. ಪಾಪ, ಮೇಲ್ವಿಚಾರಕರೇ ಮೊನ್ನೆ, “ಒಂದು ಅಂತ ಬರೆದ್ಬಿಡಿ ಅಕ್ಕಾ, ಯಾರು ಬಂದು ನೋಡ್ತಾರೆ?” ಅಂದರಂತೆ.

“ಕೈ ಬರ್ಲಿಲ್ಲ. ಇಲ್ಲದ ಹುಳ ಬರೆದ್ರೆ, ನಿಜವಾಗ್ಲೂ ಸಿಕ್ಕಿದ ದಿನ ನನ್ನ ಯಾರು ನಂಬ್ತಾರೆ?”

ಅರವತ್ತನೆಯ ಬಟ್ಟಲೂ ಖಾಲಿ. ಕೈಯ ಮಣ್ಣು ಕೊಡವಿಕೊಂಡು ಏಳುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೇಳಬಾರದಿತ್ತು ಅನಿಸುವುದು ಆಮೇಲೆ.

“ನಿಲ್ಲಿಸೋದಾದ್ರೆ ನಿಲ್ಲಿಸ್ಲಿ. ಬಟ್ಟಲು ಕಿತ್ತು ಗುಂಡಿ ಮುಚ್ಚೋ ಕೆಲಸ ಮಾತ್ರ ನಂಗೇ ಕೊಡ್ಲಿ. ಬೇರೆಯವ್ರಾದ್ರೆ ಒಳಗೆ ನೋಡ್ದೇನೇ ಮಣ್ಣು ಎಳೆದ್ಬಿಡ್ತಾರೆ. ನಾನಾದ್ರೆ ಒಂದೊಂದಕ್ಕೂ ಬಗ್ಗಿ ನೋಡಿ ಮುಚ್ತೀನಿ.”