ಗುಡ್ಡ ಹತ್ತಿಸುವ ಹಗ್ಗ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ದೇವಣ್ಣನ ಕೈ ಮುಟ್ಟದ ಪವರ್‌ಲೂಮ್ ಇರಲಿಲ್ಲ. ಕೆಟ್ಟು ನಿಂತದ್ದನ್ನು ಓಡಿಸುವುದರಲ್ಲಿ ಅವನದು ಎತ್ತಿದ ಕೈ. ಆದರೆ ವಯಸ್ಸು ಐವತ್ತೆರಡಾದರೂ, ಇದು ನಾನೇ ಮಾಡಿದ್ದು ಎಂದು ತೋರಿಸಲು ಒಂದು ಯಂತ್ರವೂ ಇರಲಿಲ್ಲ. ಆ ಕೊರಗು ಒಳಗೊಳಗೇ ತಿನ್ನುತ್ತಿತ್ತು.

ಹನೂರಿನಾಚೆಯ ಗುಡ್ಡದಲ್ಲಿ ಶಾಂತಮೂರ್ತಿ ಎಂಬವರು ರೆಸಾರ್ಟ್ ತೆರೆದಿದ್ದರು. ಬಂದವರು ಪ್ಲಾಸ್ಟಿಕ್ ಹಲಗೆಯ ಮೇಲೆ ಕೂತು ಹುಲ್ಲಿನ ಇಳಿಜಾರಿನಲ್ಲಿ ಜಾರುತ್ತಿದ್ದರು. ಮತ್ತೆ ಹತ್ತುವಾಗ ಏದುಸಿರು ಬಿಡುತ್ತಿದ್ದರು. ಏನಾದರೂ ದಾರಿ ಮಾಡೆಂದು ದೇವಣ್ಣನನ್ನು ಕರೆಸಿದರು. ಅವನು ಮೊಬೈಲಿನಲ್ಲಿ ಹುಡುಕಿದ. ತೊಂಬತ್ತು ವರ್ಷದ ಹಿಂದೆ ಅಮೆರಿಕದ ಹಿಮದ ಗುಡ್ಡದಲ್ಲಿ ಹಳೇ ಕಾರಿನ ಹಿಂದಿನ ಚಕ್ರಕ್ಕೆ ಹಗ್ಗ ಸುತ್ತಿ, ಹಗ್ಗ ಹಿಡಿದವರನ್ನೆಲ್ಲ ಮೇಲಕ್ಕೆ ಎಳೆಸಿದ್ದರು. ಅದಕ್ಕೂ ಮುಂಚೆ ಜರ್ಮನಿಯಲ್ಲಿ ಒಬ್ಬ ಹೋಟೆಲಿನವನು ಗಿರಣಿಯ ನೀರಿನ ಚಕ್ರದಿಂದಲೇ ಅತಿಥಿಗಳನ್ನು ಗುಡ್ಡ ಹತ್ತಿಸಿದ್ದನಂತೆ.

"ಇಷ್ಟೇಯಾ? ನಾನೂ ಮಾಡ್ತೀನಿ ಕಣಮ್ಮಿ" ಎಂದು ಹೆಂಡತಿ ರಂಗಮ್ಮನಿಗೆ ಹೇಳಿದ.

ಹಳೇ ಜೀಪಿನ ಎಂಜಿನ್ನಿಂದ ಎರಡೇ ತಿಂಗಳಲ್ಲಿ, ಗುಡ್ಡದ ಬುಡಕ್ಕೊಂದು ತುದಿಗೊಂದು ರಾಟೆ ಸುತ್ತಿ ಹಗ್ಗ ಓಡತೊಡಗಿತು. ಮೇಲಿನ ರಾಟೆಗೆ ಎರಡು ಮಾರು ಮುಂಚೆ ಒಂದು ಅಡ್ಡ ತಂತಿ ಕಟ್ಟಿದ್ದ. ಯಾರಾದರೂ ತಾಗಿದರೆ ಎಂಜಿನ್ ತಾನೇ ನಿಲ್ಲಬೇಕು. ಆದರೆ ಗಾಳಿಗೂ ಅದು ಅಲುಗಿ, ಗಳಿಗೆಗೊಮ್ಮೆ ನಿಂತುಹೋಗುತ್ತಿತ್ತು. ಉದ್ಘಾಟನೆಯ ಬೆಳಿಗ್ಗೆ ಶಾಂತಮೂರ್ತಿ ಸಿಡುಕಿದರು: "ಏನ್ ದೇವಣ್ಣ, ಜನದ ಮುಂದೆ ಮಾನ ಕಳೀತೀಯಾ?"

ದೇವಣ್ಣ ತಂತಿ ಬಿಚ್ಚಿಬಿಟ್ಟ.

ಸೀರೆಯುಟ್ಟವರೂ ಹತ್ತಬಹುದೇ ಎಂದು ಅತಿಥಿಯೊಬ್ಬರು ಕೇಳಿದರು. ದೇವಣ್ಣ, ಉದ್ಘಾಟನೆ ನೋಡಲು ಬಂದಿದ್ದ ರಂಗಮ್ಮನ ರಟ್ಟೆ ಹಿಡಿದು ಕರೆತಂದ.

"ಬ್ಯಾಡ ಕಣ್ರಿ, ನಂಗೆ ಭಯ ಆಯ್ತದೆ."

"ಮರ್ವಾದಿ ತಗೀಬ್ಯಾಡ. ಕುತ್ಕ."

ಅವಳು ಹಲಗೆಯ ಮೇಲೆ ಕೂತು ಹಗ್ಗ ಹಿಡಿದಳು. ಅರ್ಧ ದಾರಿಯಲ್ಲಿ, ಹೊರಳುತ್ತ ಓಡುವ ಹಗ್ಗ ಸೆರಗನ್ನು ಸುತ್ತಿಕೊಂಡಿತು. ರಂಗಮ್ಮ ಕೂಗಿದಳು. ಕೆಳಗಿದ್ದವರು ಖುಷಿಯ ಕೂಗೆಂದುಕೊಂಡು ಚಪ್ಪಾಳೆ ತಟ್ಟಿದರು. ದೇವಣ್ಣನ ಬೆರಳು ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಮೇಲೇ ಇತ್ತು. ಬಿಡಿಸಿಕೊಂಡಾಳು ಅಂದುಕೊಂಡ. ಒತ್ತುವ ಹೊತ್ತಿಗೆ ಹಗ್ಗ ಅವಳನ್ನು ತುದಿಯವರೆಗೂ ಎಳೆದೊಯ್ದು, ಸೆರಗಿನ ಜೊತೆ ಬಲಗೈ ಮೊಣಕೈವರೆಗೆ ರಾಟೆಯೊಳಗೆ ಹೋಗಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಆ ಕೈ ತೆಗೆದರು. ಮೂವತ್ತು ವರ್ಷ ರೇಷ್ಮೆ ನೇಯ್ದ ಕೈ. ಪೊಲೀಸರು ಮಂಚದ ಬಳಿಗೇ ಬಂದು ವಿಚಾರಿಸಿದಾಗ ದೇವಣ್ಣ, "ಮಿಷಿನ್ದು ಏನೂ ತಪ್ಪಿಲ್ಲ ಸಾ. ಇವಳೇ ಸೆರಗು ಸರ್ಯಾಗಿ ಸಿಗ್ಸ್ಕಂಡಿರ್ನಿಲ್ಲ" ಎಂದ. ತಂತಿಯ ಮಾತು ಎತ್ತಲಿಲ್ಲ. ರಂಗಮ್ಮನಿಗೆ ಎಚ್ಚರವಿತ್ತು, ಎಲ್ಲವನ್ನೂ ಕೇಳಿಸಿಕೊಂಡಳು.

ಮನೆಗೆ ಬಂದ ದಿನ ಅವನು ಅನ್ನ ಕಲಸಿ ತುತ್ತು ಇಡಲು ಹೋದ. ಅವಳು ಬಾಯಿ ತೆರೆಯಲಿಲ್ಲ.

"ನಾ ಕೂಗಿದ್ದು ಕೇಳುಸ್ತಾ?"

"ಕೇಳುಸ್ತು."

"ಮತ್ಯಾಕ ನಿಲ್ಸನಿಲ್ಲ?"

"ಎಲ್ರೂ ನೋಡ್ತಿದ್ರು ಕಣಮ್ಮಿ."

ಅವಳು ಎಡಗೈಯಿಂದ ತಟ್ಟೆ ಎಳೆದುಕೊಂಡು, ಚೆಲ್ಲುತ್ತ ಚೆಲ್ಲುತ್ತ ತಾನೇ ಉಂಡಳು. ಮಾರನೆಯ ದಿನ ಮಗಳು ಸ್ಪಂದನ ಬಂದು ಹೊನ್ನೂರಿನ ತನ್ನ ಮನೆಗೆ ಕರೆದೊಯ್ದಳು.

ದೇವಣ್ಣ ಹನೂರಿನ ಬಸ್ಸು ಹತ್ತಿ ಈಗಲೂ ರೆಸಾರ್ಟಿನ ಕೆಲಸಕ್ಕೆ ಹೋಗುತ್ತಾನೆ. ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಎತ್ತುವವಳು ಸ್ಪಂದನ. "ಅವ್ವ ಮಾತಾಡಕಿಲ್ವಂತೆ" ಎಂದು ಇಟ್ಟುಬಿಡುತ್ತಾಳೆ.