ಬಿಟ್ಟಿ ಹಂಚಿದ ಧ್ವನಿ

ನನ್ನ ತಮ್ಮ ಲಿಫ್ಟ್ ರಿಪೇರಿಯವನು. ಸಂಜೆ ಗ್ರೀಸ್ ಮೆತ್ತಿದ ಕೈ ತೊಳೆದು ಕಂಪ್ಯೂಟರ್ ಮುಂದೆ ಕೂತರೆ, ಹೆಂಡತಿ ಊಟಕ್ಕೆ ಕರೆದು ಕರೆದು ಸಾಕಾಗಬೇಕು. ಅವಳಿಗೆ ಕಣ್ಣು ಕಾಣುವುದಿಲ್ಲ. ಪುಟದ ಫೋಟೊ ತೆಗೆದರೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಅವಳಿಗೆಂದೇ ಶುರುಮಾಡಿದ. ಆಮೇಲೆ ಕಣ್ಣಿಲ್ಲದವರಿಗೆಲ್ಲ ಬಿಟ್ಟಿ ಹಂಚಿದ.

ಅಕ್ಷರ ಗುರುತಿಸುವ ಭಾಗ ಬರೆದುಕೊಟ್ಟವರು ಪ್ರೆಸ್ಸಿನಿಂದ ನಿವೃತ್ತರಾದ ಒಬ್ಬ ಮುದುಕರು. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದುದರಿಂದ ನಮಗೆ ಅವರು ಮೊಳೆ ಮಾಸ್ತರು. ಓದುವ ಧ್ವನಿ ಮಾತ್ರ ಬೇರೊಂದು ಯೋಜನೆಯದು, ಅದರಲ್ಲಿ ಎಷ್ಟೋ ಜನರ ಕೈಯಿತ್ತು. ಎರಡೂ ಮುಕ್ತವೇ, ಯಾರು ಬೇಕಾದರೂ ಬಿಟ್ಟಿ ಬಳಸಬಹುದು. ಆದರೆ ಎರಡರ ಲೈಸೆನ್ಸಿಗೂ ಒಂದೇ ಹಟ: ನನ್ನದನ್ನು ಬೆರೆಸಿ ಹಂಚುವುದಾದರೆ ಇಡಿಯಾಗಿ ನನ್ನ ಷರತ್ತಿನಲ್ಲೇ ಹಂಚಬೇಕು. ದಾನ ಮಾಡುವವರಿಗೂ ಇಷ್ಟೊಂದು ಬಿಗುಮಾನವೇ! ಎರಡೂ ಮುಕ್ತ ತಾನೇ ಎಂದು ನನ್ನ ತಮ್ಮ ಮಹಾರಾಯ ಷರತ್ತು ಓದದೆ ಬೆರೆಸಿಬಿಟ್ಟಿದ್ದ.

ಅದು ಧ್ವನಿಯವರ ಕಣ್ಣಿಗೆ ಬಿತ್ತು, ಹಂಚುವುದನ್ನು ನಿಲ್ಲಿಸಿ ಎಂದರು. ಧ್ವನಿಯ ಕಡೆಯ ಅಷ್ಟೂ ಜನರನ್ನು ಒಪ್ಪಿಸುವುದು ಆಗದ ಮಾತು, ಉಳಿದದ್ದು ಒಂದೇ ದಾರಿ. ಮಾಸ್ತರು ಹೂಂ ಅಂದರೆ ಅವರ ಭಾಗದ ಷರತ್ತನ್ನೇ ಬದಲಿಸಿ ಧ್ವನಿಯವರದಕ್ಕೆ ಹೊಂದಿಸಬಹುದಿತ್ತು. ಮಾಸ್ತರು ಆಗ ಆಸ್ಪತ್ರೆಯಲ್ಲಿದ್ದರು. ಇವನು ಹೋಗಿ ಸುಮ್ಮನೆ ವಾಪಸು ಬಂದ.

"ಕೇಳಿದ್ಯೇನೋ?"

"ಹೇಗ್ ಕೇಳ್ಲಿ ಅಕ್ಕ? ಮೂಗಿಗೆ ನಳಿಕೆ ಹಾಕಿದಾರೆ. ಲೈಸೆನ್ಸ್ ಅಂತ ಬಾಯಿ ತೆಗೆಯೋಕೆ ನಾಚಿಕೆ ಆಯ್ತು."

"ನಿನ್ನ ನಾಚಿಕೆಗಿಷ್ಟು ಬೆಂಕಿ ಹಾಕ! ನಾಳೆ ಹೋಗಿ ಕೇಳು."

ಬೆಳಗಾಗುವಷ್ಟರಲ್ಲಿ ಮಾಸ್ತರು ಹೋಗಿಬಿಟ್ಟಿದ್ದರು. ಹಕ್ಕು ಮಗನಿಗೆ ಬಂತು. ತಮ್ಮ ಅವನನ್ನು ಕೇಳಲು ಹೋದಾಗ ನಾನೂ ಜೊತೆಗಿದ್ದೆ.

"ಅಪ್ಪ ಇಟ್ಟ ಷರತ್ತು ಅಪ್ಪಂದು. ಅವರನ್ನೇ ಕೇಳ್ಬೇಕಿತ್ತು. ನಾನು ಮುಟ್ಟಲ್ಲ," ಎಂದ ಮಗ. ಅವನ ಮೇಲೆ ರೇಗೋಣವೆಂದರೆ ಅವನ ಕಣ್ಣು ಇನ್ನೂ ಕೆಂಪಗೇ ಇತ್ತು.

ನಮ್ಮ ಭಾಷೆ ಓದಬಲ್ಲ ಇನ್ನೊಂದು ಮುಕ್ತ ಧ್ವನಿಯಾಗಲಿ, ನಮ್ಮ ಅಕ್ಷರ ಗುರುತಿಸುವ ಇನ್ನೊಂದು ಭಾಗವಾಗಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ತಮ್ಮ ಹಂಚುವುದನ್ನು ನಿಲ್ಲಿಸಿದ. ಗುರುತಿಲ್ಲದವರೆಲ್ಲ ಫೋನ್ ಮಾಡಿದರು. "ಪರೀಕ್ಷೆ ಹತ್ರ ಬಂತು ಸರ್, ಹೊಸ ಕಂಪ್ಯೂಟರಿಗೆ ಹಾಕ್ಕೊಳಕ್ಕೆ ಸಿಗ್ತಿಲ್ಲ," ಎಂದು ಹುಡುಗಿಯೊಬ್ಬಳು ಅತ್ತಳಂತೆ. ಆಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ.

ಮನೆಯೊಳಗೆ ಬಳಸುವುದಕ್ಕೆ ಎರಡೂ ಲೈಸೆನ್ಸುಗಳ ಅಡ್ಡಿಯಿಲ್ಲ. ಹೀಗಾಗಿ ಅವನ ಹೆಂಡತಿಯ ಕಂಪ್ಯೂಟರಿನಲ್ಲಿ ಅದು ಈಗಲೂ ಓದುತ್ತದೆ. ಮೊನ್ನೆ ಹೋದಾಗ ತಮ್ಮ ಕೆಲಸದ ಬಟ್ಟೆಯಲ್ಲೇ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಅವಳು ಕಾದಂಬರಿ ಕೇಳುತ್ತಿದ್ದಳು.

"ನಿನಗೊಬ್ಬಳಿಗಾದ್ರೂ ಉಳೀತಲ್ಲೇ," ಎಂದೆ.

"ಇದು ಓದೋಕೆ ಶುರುಮಾಡಿದ್ರೆ ಅವರು ಎದ್ದು ಹೊರಗೆ ಹೋಗ್ತಾರೆ ಅತ್ತಿಗೆ," ಎನ್ನುತ್ತ ಅವಳು ತಡವಿ ಗುಂಡಿ ಒತ್ತಿದಳು. ವಾಕ್ಯದ ನಡುವೆಯೇ ಧ್ವನಿ ನಿಂತಿತು. "ಆಫ್ ಮಾಡಿದೀನಿ. ಒಳಗೆ ಬರೋಕೆ ಹೇಳಿ."