ಆರಾದ ಮೇಲೆ ಮತ್ತೊಂದು

ಹೊನ್ನೂರಿನ ಸದಾಶಿವಪ್ಪ ಮೇಷ್ಟ್ರು ಮೂವತ್ತೆರಡು ವರ್ಷ ಯಳಂದೂರಿನ ಸುತ್ತಮುತ್ತ ಗಣಿತ ಹೇಳಿಕೊಟ್ಟವರು. ಅವರಿಗಿದ್ದದ್ದು ಒಂದೇ ಹುಚ್ಚು: ೧೪೨೮೫೭. ಈ ಸಂಖ್ಯೆಯನ್ನು ಎರಡರಿಂದ ಗುಣಿಸಿ, ೨೮೫೭೧೪. ಮೂರರಿಂದ ಗುಣಿಸಿ, ೪೨೮೫೭೧. ಆರರವರೆಗೂ ಅವೇ ಅಂಕಿಗಳು ಸಾಲು ಕೆಡದೆ ಸುತ್ತು ಹಾಕುತ್ತವೆ. ಒಂದೂ ತಪ್ಪಿಸಿಕೊಳ್ಳುವುದಿಲ್ಲ, ಹೊಸದೊಂದು ಒಳಗೆ ಬರುವುದಿಲ್ಲ. ಏಳರಿಂದ ಗುಣಿಸಿದಿರೋ, ಅಷ್ಟೂ ಮಂಗಮಾಯ! ಬರೀ ಒಂಬತ್ತುಗಳು, ೯೯೯೯೯೯. ಮದುವೆ ಮನೆಯಲ್ಲಿ ಪಕ್ಕ ಕೂತವರಿಗೂ ಊಟದ ಎಲೆಯ ಮೇಲೆ ಒದ್ದೆ ಬೆರಳಿನಲ್ಲಿ ಇದನ್ನು ಬರೆದು ತೋರಿಸುತ್ತಿದ್ದರು, ಪುಣ್ಯಾತ್ಮ.

ಹೆಂಡತಿ ಚನ್ನಮಲ್ಲಮ್ಮನಿಗೆ ಮಾತ್ರ ಆ ಕೊನೆಯ ಗುಣಾಕಾರ ಕಂಡರಾಗದು. ಮನೆಯ ಭತ್ತ ಅಳೆಯುತ್ತಿದ್ದವಳು ಆಕೆ. ಅಳೆಯುವಾಗ ಮೊದಲನೆಯದು ‘ಒಂದು’ ಅಲ್ಲ, ‘ಲಾಭ’. ಆರಾದ ಮೇಲೆ ‘ಏಳು’ ಅನ್ನುವ ಹಾಗಿಲ್ಲ, ‘ಮತ್ತೊಂದು’ ಅನ್ನಬೇಕು. ರಾಶಿಯ ಮುಂದೆ ‘ಏಳು’ ಅಂದರೆ ಲಕ್ಷ್ಮಿ ತನಗೇ ಹೇಳಿದರೆಂದು ಎದ್ದು ಹೋಗುತ್ತಾಳಂತೆ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಬೇಕೆಂದೇ ಕಣದಲ್ಲಿ ‘ಏಳು’ ಅಂದು ನಕ್ಕಿದ್ದರು. ಆಕೆ ಕೊಳಗವನ್ನು ಅಲ್ಲೇ ಕುಕ್ಕಿ, ಮೂರು ದಿನ ಮಾತು ಬಿಟ್ಟಿದ್ದಳು. ಅಂದಿನಿಂದ ನಲವತ್ತು ವರ್ಷ ಮನೆಯೊಳಗೆ ಆ ಲೆಕ್ಕ ಆರಕ್ಕೇ ನಿಂತಿತ್ತು.

ಈ ವರ್ಷ ಸಂಕ್ರಾಂತಿ ಕಳೆದು ವಾರಕ್ಕೆ ಆಕೆಗೆ ಲಕ್ವ ಹೊಡೆಯಿತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಜೀವವೇನೋ ಉಳಿಯಿತು, ಮಾತು ಹೋಯಿತು. ತಮ್ಮ ಗುರುತಾದರೂ ಇದೆಯೋ ಇಲ್ಲವೋ, ಅದೂ ಮೇಷ್ಟ್ರಿಗೆ ತಿಳಿಯದು. ದಿನಾ ಪಕ್ಕ ಕೂತು ಮಾತಾಡಿಸಿ, ಅವರಿಗೆ ಗೊತ್ತಿದ್ದದ್ದನ್ನೇ ಹೇಳಿ, ಎಂದರು ಡಾಕ್ಟರು. ಮಗಳು ಮಾಲಿನಿ ಊರ ಸುದ್ದಿಯೆಲ್ಲ ಹೇಳಿ ಹೇಳಿ ಸೋತಳು. ಒಂಬತ್ತು ದಿನ ತುಟಿ ಅಲುಗಲಿಲ್ಲ.

ಹತ್ತನೇ ದಿನ ಮಧ್ಯಾಹ್ನ ಮಗಳು ಊಟಕ್ಕೆ ಹೋದಾಗ ಮೇಷ್ಟ್ರು ಒಬ್ಬರೇ ಕೂತರು. ಏನು ಮಾತಾಡಬೇಕೋ ತೋಚಲಿಲ್ಲ. ಇಷ್ಟು ವರ್ಷ ಇವಳ ಹತ್ತಿರ ಆಡಿದ್ದೆಲ್ಲ ಬರೀ ಅಂಕಿಯೇ ಅನ್ನಿಸಿತು. ಕೊನೆಗೆ ಆಕೆಯ ಅಂಗೈ ಬಿಡಿಸಿ, ಬೆರಳಿನಿಂದ ೧೪೨೮೫೭ ಬರೆದು ‘ಲಾಭ’ ಎಂದರು. ಅದರ ಎರಡರಷ್ಟು ಬರೆದು ‘ಎರಡು’ ಎಂದರು. ಹಾಗೇ ಆರರ ತನಕ ಬಂದರು, ೮೫೭೧೪೨. ಅಲ್ಲಿಗೆ ಬೆರಳು ನಿಂತಿತು. ಮುಂದಿನದನ್ನು ಬರೆದರೆ ಈ ಅಂಕಿಗಳು ಒಂದೂ ಉಳಿಯುವುದಿಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಭಯವಾಯಿತು. ಬರೆಯುವುದು ಬಿಟ್ಟು ಆ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

“ಏಳು,” ಅಂದರು. “ಏಳು ಚನ್ನಿ, ಮನೆಗೋಗವ.”

ಆಕೆಯ ಹುಬ್ಬು ಗಂಟಿಕ್ಕಿತು. ಅಂದು ಕಣದಲ್ಲಿ ಕಂಡಿದ್ದ ಅದೇ ಸಿಟ್ಟು. ತುಟಿ ಸೊಟ್ಟಗೆ ಅಲುಗಿ, ಒಂದೊಂದೇ ಅಕ್ಷರ ಈಚೆಗೆ ಬಂತು.

“ಮ... ಮತ್ತೊಂದು... ಅನ್ನಿ.”

‘ಮತ್ತೊಂದು’ ಅಂದರು ಮೇಷ್ಟ್ರು. ಅಷ್ಟು ವರ್ಷ ಮಗ್ಗಿ ಹೇಳಿಕೊಟ್ಟವರಿಗೆ ಮುಂದೆ ಎಂಟು ಬರುತ್ತದೆನ್ನುವುದೇ ಮರೆತುಹೋಯಿತು. ಮಗಳು ಊಟ ಮುಗಿಸಿ ಬಂದಾಗಲೂ ಅದೊಂದನ್ನೇ ಹೇಳುತ್ತ ಅಳುತ್ತ ಕೂತಿದ್ದರು.